ಒಬ್ಬರಿಗೆ ಒಂದೇ ಹಾಡು

ನಿಯಮ ಸರಳ. ಒಬ್ಬ ಗಾಯಕರಿಗೆ ಒಂದೇ ಹಾಡು. ಎರಡು ಹೇಳುವಂತಿಲ್ಲ, ಟಾಪ್ ಟೆನ್ ಅಂತ ಜಾರಿಕೊಳ್ಳುವಂತಿಲ್ಲ. ಹಾಡು ಹೇಳಿದ ಮೇಲೆ ಕಾರಣವನ್ನೂ ಹೇಳಬೇಕು. ‘ನಂಗಿಷ್ಟ, ಅಷ್ಟೇ’ ಅಂದವರು ಅವತ್ತಿನ ದೋಸೆ ಬಿಲ್ ಕೊಡಬೇಕು.

ದಾವಣಗೆರೆಯ ನಮ್ಮ ಶಟಲ್ ಗುಂಪಿನಲ್ಲಿ ಈ ಆಟ ಹುಟ್ಟಿಕೊಂಡಿದ್ದು ಎಸ್‌ಪಿಬಿ ತೀರಿಕೊಂಡಾಗ, 2020ರ ಸೆಪ್ಟೆಂಬರ್‌ನಲ್ಲಿ. ಕೊರೊನಾ ಕಾಲ. ಶಟಲ್ ಬಂದ್ ಆಗಿತ್ತು, ಮಾತೆಲ್ಲ ವಾಟ್ಸ್‌ಆ್ಯಪ್‌ನಲ್ಲೇ. ಅವತ್ತು ಸಂಜೆ ನೋಡಿದರೆ ಒಬ್ಬೊಬ್ಬರ ಸ್ಟೇಟಸ್‌ನಲ್ಲೂ ಅವರ ಒಂದೊಂದು ಹಾಡು. ಒಬ್ಬರು ಹಾಕಿದ್ದು ಇನ್ನೊಬ್ಬರು ಹಾಕಿರಲಿಲ್ಲ. ಎಲ್‌ಐಸಿಯಲ್ಲಿರುವ ಗೆಳೆಯ ಕೇಳಿದ: ‘ಎಲ್ಲಾ ಹಾಡೂ ಅಳಿಸಿ ಹೋಗ್ತಾವೆ, ಒಂದೇ ಒಂದು ಉಳಿಸಿಕೊಳ್ರಿ ಅಂದ್ರೆ ಯಾವ್ದು ಉಳಿಸ್ಕೋತೀರಪ್ಪಾ?’

ಅವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಈಗ ಶಟಲ್ ಮತ್ತೆ ನಡೆಯುತ್ತದೆ. ಭಾನುವಾರ ಆಟ ಮುಗಿಸಿ ಬೆಣ್ಣೆ ದೋಸೆಗೆ ಕೂತಾಗ ವಾರಕ್ಕೊಬ್ಬರು ಗಾಯಕರು ತಟ್ಟೆಗೆ ಬೀಳುತ್ತಾರೆ. ಗುಂಪಿನಲ್ಲಿ ಎಲ್‌ಐಸಿ ಗೆಳೆಯ, ನಿವೃತ್ತ ಕನ್ನಡ ಮೇಷ್ಟ್ರು, ಮೆಡಿಕಲ್ ಶಾಪ್ ಅಣ್ಣ, ನಾನು. ಆಗಾಗ ನನ್ನ ಹೆಂಡತಿಯೂ ಮನೆಯಿಂದಲೇ ಫೋನಿನಲ್ಲಿ ಓಟು ಹಾಕುತ್ತಾಳೆ.

ನಂಗೆ ಇದರಲ್ಲಿ ಸ್ವಲ್ಪ ಸರ್ವಿಸ್ ಜಾಸ್ತಿ. ಬಿಕಾಂ ಓದುವಾಗ ಸಂಜೆ ಹೊತ್ತು ಮಂಡಿಪೇಟೆ ಹತ್ತಿರದ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಎಂಬತ್ತರ ದಶಕದ ಕೊನೆ. ಹೊಸ ಕ್ಯಾಸೆಟ್ ಮಾರುವುದು ಒಂದು ಕಡೆ, ಖಾಲಿ ಕ್ಯಾಸೆಟ್‌ಗೆ ಗಿರಾಕಿ ಕೇಳಿದ ಹಾಡು ತುಂಬಿಸಿ ಕೊಡುವುದು ಇನ್ನೊಂದು ಕಡೆ. ಹೀಗೆ ತುಂಬಿಸುವುದು ಕಾನೂನಿಗೆ ಸರಿಯಾ ತಪ್ಪಾ ಅಂತ ಆಗ ಯಾರೂ ಕೇಳುತ್ತಿರಲಿಲ್ಲ. ಊರೂರಲ್ಲೂ ಅದೇ ನಡೆಯುತ್ತಿತ್ತು.

ಜನ ಚೀಟಿ ತರುತ್ತಿದ್ದರು. ಕ್ಯಾಲೆಂಡರ್ ಹಾಳೆಯ ಹಿಂದೆ, ಸಿಗರೇಟ್ ಪ್ಯಾಕಿನ ಒಳಗೆ, ಮಗನ ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ. ಅರವತ್ತು ನಿಮಿಷದ ಕ್ಯಾಸೆಟ್ ಅಂದರೆ ಒಂದು ಕಡೆಗೆ ಮೂವತ್ತು ನಿಮಿಷ. ನಾಲ್ಕೂವರೆ ನಿಮಿಷದ ಹಾಡಾದರೆ ಆರು ಹಿಡಿಯುತ್ತವೆ, ಏಳನೆಯದು ಅರ್ಧಕ್ಕೇ ಕಟ್. ಅದಕ್ಕೇ ನಮ್ಮ ಮಾಲೀಕರು ಒಂದು ಉದ್ದ ಲೆಕ್ಕದ ಪುಸ್ತಕ ಇಟ್ಟಿದ್ದರು. ಎಡಕ್ಕೆ ಹಾಡಿನ ಹೆಸರು, ಬಲಕ್ಕೆ ಎಷ್ಟು ನಿಮಿಷ ಎಷ್ಟು ಸೆಕೆಂಡು. ಕೊನೆಗೆ ಮೂರೂಕಾಲು ನಿಮಿಷ ಉಳಿದಿದೆ ಅಂದರೆ ಅರವತ್ತರ ದಶಕದ ಹಾಡು ಹುಡುಕಬೇಕು. ಆ ಕಾಲದ ಹಾಡುಗಳು ಚಿಕ್ಕವು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದೇ ಅಷ್ಟು. ಆ ಅಭ್ಯಾಸ ಮುಂದೆಯೂ ಬಹಳ ವರ್ಷ ಉಳಿದುಕೊಂಡಿತು.

ಹೀಗಾಗಿ ನಮ್ಮ ಕೌಂಟರ್ ಮುಂದೆ ನಿಂತವರೆಲ್ಲ ಆರಿಸಲೇಬೇಕಿತ್ತು. ಹದಿನೈದು ಹಾಡು ಬರೆದುಕೊಂಡು ಬಂದವರಿಗೆ ನಾನು, ‘ಅಣ್ಣಾ, ಹನ್ನೆರಡೇ ಆಗೋದು, ಮೂರು ಹೊಡೀರಿ’ ಅಂತಿದ್ದೆ. ಆ ಮೂರು ಹೊಡೆಯುವಾಗ ಜನರ ಮುಖ ನೋಡಬೇಕಿತ್ತು. ಪೆನ್ನು ಒಂದು ಹೆಸರಿನ ಮೇಲೆ ನಿಲ್ಲುತ್ತದೆ, ಮೇಲೆ ಹೋಗುತ್ತದೆ, ಮತ್ತೆ ಕೆಳಗೆ ಬರುತ್ತದೆ. ಜೊತೆಗೆ ಬಂದ ಹೆಂಡತಿ ಪಕ್ಕದಿಂದ ‘ಅದ್ನ ಹೊಡೀಬ್ಯಾಡ್ರಿ’ ಅನ್ನುತ್ತಾಳೆ. ಒಬ್ಬ ಲಾರಿ ಡ್ರೈವರಣ್ಣ ಮಾತ್ರ ಈ ತಾಪತ್ರಯವೇ ಇಟ್ಟುಕೊಂಡಿರಲಿಲ್ಲ. ಎರಡೂ ಕಡೆ, ಪೂರ್ತಿ ಅರವತ್ತು ನಿಮಿಷ, ಒಂದೇ ಹಾಡು ತುಂಬಿಸಿಕೊಂಡು ಹೋದ. ‘ಬಂಧನ’ ಚಿತ್ರದ ‘ನೂರೊಂದು ನೆನಪು’. ಮಾಲೀಕರು ‘ತಲೆ ಕೆಟ್ಟಿದೆಯೇನಪ್ಪಾ’ ಅಂದರು. ಅವನು ನಕ್ಕು ದುಡ್ಡು ಇಟ್ಟ.

ಎಸ್‌ಪಿಬಿ ಅವರದ್ದು ಅಂತ ನಾನೂ ಅದನ್ನೇ ಆರಿಸಿದ್ದೇನೆ. ಡ್ರೈವರಣ್ಣನ ಮೇಲಿನ ಗೌರವಕ್ಕಲ್ಲ, ಕಾರಣ ಇದೆ.

ಎಸ್‌ಪಿಬಿ ಕನ್ನಡದಲ್ಲಿ ಹಾಡಲು ಶುರುಮಾಡಿದ್ದು 1967ರ ‘ನಕ್ಕರೆ ಅದೇ ಸ್ವರ್ಗ’ದಿಂದ. ಎಂ. ರಂಗರಾವ್ ಸಂಗೀತ. ಆಮೇಲೆ ಎಷ್ಟು ಹಾಡಿದರು ಅನ್ನೋದಕ್ಕೆ ಲೆಕ್ಕ ಇಡುವುದು ಕಷ್ಟ. 1981ರಲ್ಲಿ ಉಪೇಂದ್ರಕುಮಾರ್ ಅವರಿಗೆ ಒಂದೇ ದಿನ ಇಪ್ಪತ್ತೊಂದು ಹಾಡು ಹಾಡಿಕೊಟ್ಟರು ಅನ್ನೋದು ಅಭಿಮಾನಿಗಳೆಲ್ಲರ ಬಾಯಲ್ಲೂ ಇರುವ ಕತೆ. ಇಂಥವರದ್ದು ಒಂದು ಆರಿಸು ಅಂದರೆ ಮೊದಲು ಜರಡಿ ಹಿಡಿಯಬೇಕು. ನನ್ನ ಜರಡಿ ಏನೆಂದರೆ, ಯುಗಳ ಗೀತೆ ಬೇಡ. ‘ಜೊತೆಯಲಿ ಜೊತೆ ಜೊತೆಯಲಿ’ಯಲ್ಲಿ ಜಾನಕಿ ಇಲ್ಲದಿದ್ದರೆ ಏನು ಉಳಿಯುತ್ತೆ ಹೇಳಿ? ಅದು ಇಬ್ಬರ ಆಸ್ತಿ, ಪಾಲು ಮಾಡಲಾಗದು. ಎಲ್‌ಐಸಿ ಗೆಳೆಯನಿಗೆ ಈ ನಿಯಮ ಕಂಡರೆ ಆಗುವುದಿಲ್ಲ. ಅವನ ಆಯ್ಕೆಯೇ ಅದಾಗಿತ್ತು.

ಮೇಷ್ಟ್ರು ‘ಉಮಂಡು ಘುಮಂಡು’ ಅಂದರು. ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದ ಹಾಡು, ಹಂಸಲೇಖ ಸಂಗೀತ. ಅದಕ್ಕೆ ಹಾಡಿದವರಿಗೂ ರಾಗ ಹಾಕಿದವರಿಗೂ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತ ಕಲಿಯದ ಮನುಷ್ಯ ಗದಗಿನ ಗವಾಯಿಗಳಿಗೆ ದನಿಯಾಗಿ ಹಾಗೆ ಹಾಡಿದ್ದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಒಂದು ತಮಾಷೆ ನೋಡಿ. ಕನ್ನಡ ಚಿತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಹಾಡಿನ ಸಾಹಿತ್ಯ ಕನ್ನಡದ್ದಲ್ಲ! ‘ಎಸ್‌ಪಿಬಿ ಕನ್ನಡದಲ್ಲಿ ಹಾಡಿದ ಅತ್ಯುತ್ತಮ ಹಾಡು’ ಅಂತ ಅದನ್ನು ಹೇಗೆ ಒಪ್ಪಲಿ? ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಎರಡನೇ ದೋಸೆ ಹೇಳಿದರು.

‘ನೂರೊಂದು ನೆನಪು’ ಯಾಕೆ ಅಂದರೆ, ಅದರ ಮಾತು ಒಂದು ಹೇಳುತ್ತೆ, ದನಿ ಇನ್ನೊಂದು ಹೇಳುತ್ತೆ. ಆರ್.ಎನ್. ಜಯಗೋಪಾಲ್ ಬರೆದಿರುವುದು ಆನಂದದ ಹಾಡು. ಎದೆಯಾಳದಿಂದ ಹಾಡು ಬಂತು, ಆನಂದದಿಂದ ಬಂತು ಅಂತಲೇ ಶುರು. ಸಿನಿಮಾದಲ್ಲಿ ವಿಷ್ಣುವರ್ಧನ್ ಪಾತ್ರ ಪ್ರೀತಿಸಿದವಳು ಬೇರೆಯವನನ್ನು ಮದುವೆಯಾಗಿದ್ದಾಳೆ, ಅವಳ ಎದುರಿಗೇ ನಗುತ್ತಾ ಹಾಡಬೇಕು. ಈಗ ಕೇಳಿ ನೋಡಿ, ‘ಆನಂದದಿಂದ’ ಅನ್ನುವಲ್ಲಿ ಎಸ್‌ಪಿಬಿ ದನಿ ಒಂಚೂರೂ ನಡುಗುವುದಿಲ್ಲ. ಅಳು ಬೆರೆಸುವುದಿಲ್ಲ. ಬೇರೆ ಯಾರೇ ಆಗಿದ್ದರೂ ಅಲ್ಲೊಂದು ಬಿಕ್ಕು ಹಾಕಿ ಚಪ್ಪಾಳೆ ತಗೊಳ್ಳುತ್ತಿದ್ದರು. ಇವರು ನೇರವಾಗಿ ಹಾಡಿ, ಸಾಲಿನ ಕೊನೆಯಲ್ಲಿ ಉಸಿರನ್ನು ಸ್ವಲ್ಪ ಸಡಿಲ ಬಿಡುತ್ತಾರೆ. ಅಷ್ಟೇ. ಕೇಳುವವನಿಗೆ ಅಷ್ಟು ಸಾಕು. ಆರ್ಕೆಸ್ಟ್ರಾದಲ್ಲಿ ಈ ಹಾಡು ಹಾಡುವ ಹುಡುಗರು ನೂರಕ್ಕೆ ತೊಂಬತ್ತು ಜನ ಅಲ್ಲೇ ಅಳುತ್ತಾರೆ, ಅಲ್ಲೇ ಕೆಡುತ್ತೆ.

ನನ್ನ ಅಳತೆಗೋಲು ಇದೇ. ಅತಿ ಹೆಚ್ಚು ಓಡಿದ ಹಾಡು ಬೇರೆ, ಅತಿ ಕಷ್ಟದ ಹಾಡು ಬೇರೆ, ಒಳ್ಳೆಯ ಹಾಡು ಬೇರೆ. ಆ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ನೋಡಬೇಕು. ಇನ್ನೊಬ್ಬರು ಹಾಡಿದರೆ ಆ ಹಾಡು ಬೇರೆಯೇ ಹಾಡಾಗುತ್ತೆ ಅನ್ನಿಸಿದರೆ, ಅದು ಅವರದ್ದು.

ಪಿ.ಬಿ. ಶ್ರೀನಿವಾಸ್ ವಾರದಲ್ಲಿ ಈ ಗೋಲು ಚೆನ್ನಾಗಿ ಕೆಲಸ ಮಾಡಿತು. ಮೆಡಿಕಲ್ ಅಣ್ಣ ಅಪ್ಪಟ ರಾಜ್ ಅಭಿಮಾನಿ, ಅವರು ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’ ಅಂದರು. ಎಲ್‌ಐಸಿ ಗೆಳೆಯ ‘ಎರಡು ಕನಸು’ ಚಿತ್ರದ ‘ಬಾಡಿ ಹೋದ ಬಳ್ಳಿಯಿಂದ’ ಅಂದ. ಎರಡಕ್ಕೂ ನನ್ನ ತಕರಾರಿಲ್ಲ. ಆದರೆ ಇವೆರಡರಲ್ಲೂ ಕಣ್ಣು ಮುಚ್ಚಿದರೆ ಕಾಣುವುದು ರಾಜ್‌ಕುಮಾರ್ ಮುಖ. ಶ್ರೀನಿವಾಸ್ ಅವರ ಮುಖ ಕಾಣಬೇಕು ಅಂದರೆ ‘ಅರಿಶಿನ ಕುಂಕುಮ’ಕ್ಕೆ ಹೋಗಬೇಕು. 1970. ಬೇಂದ್ರೆಯವರ ‘ಇಳಿದು ಬಾ ತಾಯಿ ಇಳಿದು ಬಾ’. ವಿಜಯಭಾಸ್ಕರ್ ಸಂಗೀತ.

ಅದು ಗಂಗೆಯನ್ನು ಕರೆಯುವ ಪದ್ಯ. ಆಕಾಶದಿಂದ ಧುಮ್ಮಿಕ್ಕುವ ನದಿಯನ್ನು ಕರೆಯಬೇಕು ಅಂದರೆ ಯಾರೇ ಆದರೂ ಗಂಟಲು ತೆರೆದು ಕೂಗುತ್ತಾರೆ. ಶ್ರೀನಿವಾಸ್ ಕೂಗುವುದಿಲ್ಲ. ಮನೆಯ ಹಿರಿಯರನ್ನು ಅಟ್ಟದಿಂದ ಮೆಲ್ಲಗೆ ಕೈಹಿಡಿದು ಇಳಿಸಿಕೊಳ್ಳುವ ಹಾಗೆ ಕರೆಯುತ್ತಾರೆ. ಹರನ ಜಡೆಯಿಂದ, ಹರಿಯ ಅಡಿಯಿಂದ, ಋಷಿಯ ತೊಡೆಯಿಂದ ಅಂತ ಏರಿಸಿಕೊಂಡು ಬಂದು ‘ನುಸುಳಿ ಬಾ’ ಅನ್ನುವಲ್ಲಿ ದನಿಯೇ ಸಂದಿಯಲ್ಲಿ ನುಸುಳಿದಂತೆ ಸಣ್ಣದಾಗುತ್ತೆ. ಕಾಕಿನಾಡದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಬಾಳಿದ ತೆಲುಗರು ಧಾರವಾಡದ ಕವಿಯ ಮಾತನ್ನು ಹೀಗೆ ಹೇಳುತ್ತಾರೆ. ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲಿನಲ್ಲಿ ಕೂತು ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದವರು ಅವರು. ಅಕ್ಷರದ ಮೇಲೆ ಅಷ್ಟು ಪ್ರೀತಿ ಇರುವವರಿಗೇ ಅದು ಸಾಧ್ಯ ಅನ್ನಿಸುತ್ತೆ. ಮೇಷ್ಟ್ರು ಇದಕ್ಕೆ ಮಾತ್ರ ನನ್ನ ಬೆನ್ನು ತಟ್ಟಿದರು. ಬೇಂದ್ರೆ ಹೆಸರು ಬಂದರೆ ಅವರು ಯಾವಾಗಲೂ ನಮ್ಮ ಕಡೆ.

ರಾಜ್‌ಕುಮಾರ್ ವಾರ ದೊಡ್ಡ ರಂಪವೇ ಆಯಿತು. ಮೆಡಿಕಲ್ ಅಣ್ಣನ ಎದುರು ಅಣ್ಣಾವ್ರ ವಿಷಯ ಮಾತಾಡುವಾಗ ನಾವು ದನಿ ತಗ್ಗಿಸುತ್ತೇವೆ. ಅವರು ‘ಜೀವನ ಚೈತ್ರ’ದ ‘ನಾದಮಯ’ ಅಂದರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ, ಇನ್ನೇನು ಮಾತು ಅಂತ ಅವರ ವಾದ. ಅಲ್ಲಿಗೆ ಮುಗಿಯಿತು ಅನ್ನುವಂತೆ ಕಾಫಿ ಕುಡಿದರು.

ನಾನು ‘ಯಾರೇ ಕೂಗಾಡಲಿ’ ಅಂದೆ.

‘ಎಮ್ಮೆ ಹಾಡಾ!’ ಅಂದರು.

ಹೌದು, ಎಮ್ಮೆ ಹಾಡೇ. 1974ರ ‘ಸಂಪತ್ತಿಗೆ ಸವಾಲ್’, ಜಿ.ಕೆ. ವೆಂಕಟೇಶ್ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ಅಲ್ಲಿಯವರೆಗೆ ರಾಜ್‌ಕುಮಾರ್‌ಗೆ ಶ್ರೀನಿವಾಸರೇ ದನಿ. ಈ ಹಾಡಿನಿಂದ ಮುಂದೆ ಅವರ ಹಾಡನ್ನು ಅವರೇ ಹಾಡುವ ರೂಢಿ ಬೆಳೆಯಿತು. ಈಗ ಅಳತೆಗೋಲು ಹಿಡಿಯಿರಿ. ಅದೇ ಹಾಡನ್ನು ಶ್ರೀನಿವಾಸ್ ಹಾಡಿದ್ದರೆ? ಸ್ವರ ಇನ್ನೂ ನಯವಾಗಿರುತ್ತಿತ್ತು, ಗಮಕ ಇನ್ನೂ ಚೆಂದ ಬೀಳುತ್ತಿತ್ತು. ಆದರೆ ಎಮ್ಮೆ ಮೇಲೆ ಕೂತು ಊರಿಗೆಲ್ಲ ಕೇಳುವ ಹಾಗೆ ಹಾಡುವ ಹಳ್ಳಿಯ ಗಂಡಸು ಅಲ್ಲಿ ಇರುತ್ತಿರಲಿಲ್ಲ. ರಾಜ್‌ಕುಮಾರ್ ಬೆಳೆದಿದ್ದು ನಾಟಕದ ಕಂಪನಿಯಲ್ಲಿ. ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ತಲುಪಬೇಕು ಅನ್ನುವ ಕಂಪನಿ ಶಾರೀರ ಅದು. ಆ ಹಾಡಿನಲ್ಲಿ ಮೈಕ್ ಇರುವುದೇ ಗೊತ್ತಾಗುವುದಿಲ್ಲ. ‘ನಾದಮಯ’ ತುಂಬ ದೊಡ್ಡ ಹಾಡು, ಅವರು ಎಷ್ಟು ದೂರ ಹೋಗಬಲ್ಲರು ಅನ್ನೋದನ್ನ ತೋರಿಸುತ್ತೆ. ಎಲ್ಲಿಂದ ಬಂದವರು ಅನ್ನೋದನ್ನ ತೋರಿಸೋದು ಎಮ್ಮೆ ಹಾಡು.

ಮೆಡಿಕಲ್ ಅಣ್ಣ ಆಮೇಲೆ ಎರಡು ವಾರ ನನ್ನ ಜೊತೆ ಡಬಲ್ಸ್ ಆಡಲಿಲ್ಲ.

ಮಗಳಿಗೆ ನಮ್ಮ ಈ ಆಟ ಕಂಡರೆ ನಗು. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ‘ಅಪ್ಪಾ, ಇದಕ್ಕೆಲ್ಲ ಯಾಕೆ ಜಗಳ? ಆ್ಯಪ್ ವರ್ಷದ ಕೊನೆಗೆ ತಾನೇ ಹೇಳುತ್ತೆ, ನೀನು ಯಾವ ಹಾಡು ಜಾಸ್ತಿ ಕೇಳಿದೆ ಅಂತ’ ಅನ್ನುತ್ತಾಳೆ. ಕಳೆದ ವರ್ಷ ಅವಳಿಗೆ ಬಂದಿದ್ದು ಯಾವುದೋ ಜಿಮ್ ಹಾಡು. ಅದು ಅವಳಿಗೆ ಇಷ್ಟವೂ ಇಲ್ಲವಂತೆ, ಟ್ರೆಡ್‌ಮಿಲ್ ಮೇಲೆ ಓಡುವಾಗ ಸುಮ್ನೆ ಹಿಂದೆ ಓಡುತ್ತಿರುತ್ತೆ ಅಷ್ಟೇ. ಹಾಗಾದರೆ ಆ ಲೆಕ್ಕ ಯಾತಕ್ಕೆ ಬಂತು? ನಾನಂತೂ ತುಂಬ ಒಳ್ಳೆಯದು ಅಂದುಕೊಂಡ ಹಾಡನ್ನು ದಿನಾ ಕೇಳುವುದಿಲ್ಲ. ‘ಇಳಿದು ಬಾ ತಾಯಿ’ಯನ್ನು ಸ್ಕೂಟರ್ ಸರ್ವಿಸಿಗೆ ಬಿಟ್ಟು ಕಾಯುವಾಗ ಕಿವಿಗೆ ಸಿಕ್ಕಿಸಿಕೊಂಡು ಕೇಳಲಿಕ್ಕಾಗುತ್ತದೆಯೇ? ಅದಕ್ಕೆ ಒಂದು ಹೊತ್ತು ಬೇಕು. ಆಗ ಕ್ಯಾಸೆಟ್ ಅಂಗಡಿಯಲ್ಲಿ ದಿನವಿಡೀ ಓಡುತ್ತಿದ್ದದ್ದು ರವಿಚಂದ್ರನ್ ಹಾಡುಗಳು. ‘ಪ್ರೇಮಲೋಕ’ ಬಂದ ಹೊಸತರಲ್ಲಿ ನಮ್ಮ ಕೌಂಟರಿನಲ್ಲಿ ಕ್ಯಾಸೆಟ್ ಎತ್ತಿಕೊಟ್ಟು ಕೈ ನೋಯುತ್ತಿತ್ತು. ಈಗಲೂ ಹಾಕಿದರೆ ಕೆಲಸ ಸಲೀಸು. ಅಷ್ಟಕ್ಕೇ ಅದನ್ನು ಶ್ರೇಷ್ಠ ಅನ್ನಲಾರೆ. ಹಂಸಲೇಖರ ಅಭಿಮಾನಿಗಳು ಬೈಯಬೇಡಿ, ನಾನೂ ನಿಮ್ಮವನೇ.

ಎಸ್. ಜಾನಕಿ ವಿಷಯಕ್ಕೆ ಬರುತ್ತೇನೆ. ಒಂದು ವಾರದಲ್ಲಿ ಮುಗಿಯಲೇ ಇಲ್ಲ ಅದು.

ಮೇಷ್ಟ್ರು 2017ರಲ್ಲಿ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಜಾನಕಿಯಮ್ಮ ವೇದಿಕೆಗೆ ವಿದಾಯ ಹೇಳಿದ ಕಾರ್ಯಕ್ರಮ ನೋಡಿ ಬಂದವರು. ಹೀಗಾಗಿ ತಮಗೆ ಎರಡು ಓಟು ಅಂತ ಹಟ ಹಿಡಿದರು. ಕೊಡಲಿಲ್ಲ. ಅವರು ಆರಿಸಿದ್ದು ‘ಹೇಮಾವತಿ’ ಚಿತ್ರದ ‘ಶಿವ ಶಿವ ಎನ್ನದ ನಾಲಿಗೆ ಏಕೆ’. ಎಲ್. ವೈದ್ಯನಾಥನ್ ಸಂಗೀತ. ಜಾನಕಿಯಮ್ಮನೇ ತಾನು ಹಾಡಿದ್ದರಲ್ಲಿ ಬಲು ಕಷ್ಟದ್ದು ಅಂತ ಹೇಳಿರುವ ಹಾಡು. ಕೇಳಿದರೆ ಗೊತ್ತಾಗುತ್ತೆ, ಸ್ವರಗಳು ಬರುವ ವೇಗಕ್ಕೆ ನಮಗೇ ಉಸಿರು ಸಿಕ್ಕಿಕೊಳ್ಳುತ್ತೆ. ಎಲ್‌ಐಸಿ ಗೆಳೆಯ ‘ಗೆಜ್ಜೆ ಪೂಜೆ’ಯ ‘ಗಗನವು ಎಲ್ಲೋ ಭೂಮಿಯು ಎಲ್ಲೋ’ ಅಂದ. ಮೆಡಿಕಲ್ ಅಣ್ಣ ‘ಕುಲವಧು’ವಿನ ‘ಯುಗ ಯುಗಾದಿ ಕಳೆದರೂ’ ಅಂದರು. ಅದನ್ನು ನಾವೆಲ್ಲ ಸೇರಿ ಅನರ್ಹ ಮಾಡಿದೆವು. ಆ ಹಾಡಿಲ್ಲದೆ ಯುಗಾದಿಯೇ ಬರುವುದಿಲ್ಲ, ರೇಡಿಯೊದವರು ಬಿಡುವುದಿಲ್ಲ. 1963ರಿಂದ ವರ್ಷಾ ವರ್ಷಾ ಬೇವು ಬೆಲ್ಲದ ಜೊತೆ ಬರುವ ಹಾಡನ್ನು ಆರಿಸುವುದೇನು ಬಂತು?

ನಾನು ‘ತಂಗಾಳಿಯಲ್ಲಿ ನಾನು ತೇಲಿ ಬಂದೆ’ ಅನ್ನಬೇಕು ಅಂತಿದ್ದೆ. ‘ಜನ್ಮ ಜನ್ಮದ ಅನುಬಂಧ’, ಇಳಯರಾಜ. ಅಷ್ಟರಲ್ಲಿ ಫೋನ್ ಬಂತು. ಹೆಂಡತಿ. ‘ಪೂಜಿಸಲೆಂದೇ ಹೂಗಳ ತಂದೆ’ ಅಂದಳು. ‘ಕಾರಣ?’ ಅಂದೆ. ಸ್ಪೀಕರ್ ಹಾಕು ಅಂದಳು.

ಅವಳು ಹೇಳಿದ್ದು ಇಷ್ಟು. ‘ಎರಡು ಕನಸು’ ಚಿತ್ರದಲ್ಲಿ ಗಂಡನ ಮನಸ್ಸು ಇನ್ನೊಬ್ಬಳ ಹತ್ತಿರ ಇದೆ. ಹೆಂಡತಿ, ಅಂದರೆ ಕಲ್ಪನಾ, ದೇವರ ಮುಂದೆ ಕೂತು ಹಾಡುತ್ತಾಳೆ. ಬಾಗಿಲು ತೆಗಿ ರಾಮ ಅಂತ. ಕೇಳುತ್ತಿರುವುದು ರಾಮನನ್ನೋ ಗಂಡನನ್ನೋ? ಇಬ್ಬರನ್ನೂ. ‘ಅದನ್ನ ಹಾಡುವಾಗ ಜಾನಕಿಯಮ್ಮ ಬೇಡಿಕೊಳ್ಳೋದಿಲ್ಲ ನೋಡ್ರಿ. ಮದುವೆಯಾಗಿ ಬಂದ ಮನೇಲಿ ನನ್ನ ಹಕ್ಕಿನ ಬಾಗಿಲು ಅದು, ತೆಗೀಬೇಕು ಅನ್ನೋ ದನಿ ಇದೆ. ಮೆತ್ತಗಿದೆ, ಆದ್ರೆ ಇದೆ. “ತೆರೆಯೋ” ಅನ್ನೋದನ್ನ ಸರಿಯಾಗಿ ಕೇಳ್ರಿ.’

ಹೋಟೆಲಿನಲ್ಲಿ ಕೂತಲ್ಲೇ ಮೊಬೈಲಿನಲ್ಲಿ ಹಾಕಿ ಕೇಳಿದೆವು. ‘ತೆರೆಯೋ’ ಅನ್ನುವಲ್ಲಿ ದನಿ ಮೇಲಕ್ಕೆ ಹೋಗಿ ಒಂದು ಕ್ಷಣ ಅಲ್ಲೇ ನಿಲ್ಲುತ್ತೆ, ಆಮೇಲೆ ‘ಬಾಗಿಲನು’ ಅಂತ ಇಳಿಯುತ್ತೆ. ಆ ನಿಲ್ಲುವಿಕೆಯನ್ನು ನಾನು ಸಾವಿರ ಸಲ ಕೇಳಿರಬಹುದು, ಹಾಗೆ ಯೋಚಿಸಿರಲಿಲ್ಲ. ಮೈಕ್ ಮುಂದೆ ಕೈ ಆಡಿಸದೆ, ಮುಖದಲ್ಲಿ ಏನೂ ತೋರದೆ, ಕೈಯಲ್ಲಿ ಹಾಡಿನ ಪುಸ್ತಕ ಹಿಡಿದು ನಿಂತು ಹಾಡುತ್ತಿದ್ದವರು ಅವರು. ಎಲ್ಲವೂ ಗಂಟಲಿನಲ್ಲೇ ಆಗಬೇಕು. ಮೂರು ಓಟು ಆ ಹಾಡಿಗೆ ಬಿತ್ತು. ಮೇಷ್ಟ್ರು ಮಾತ್ರ ‘ಹೇಮಾವತಿ’ ಬಿಡಲಿಲ್ಲ.

‘ಎರಡು ಕನಸು’ ಪದೇ ಪದೇ ಬರುತ್ತಿದೆ ಅಂತ ನಿಮಗೂ ಅನಿಸಿರಬಹುದು. ನಮ್ಮ ಅಂಗಡಿಯಲ್ಲೂ ಇದೇ ಗೋಳು. ಗಿರಾಕಿಗಳು ಚೀಟಿಯಲ್ಲಿ ಆ ಚಿತ್ರದ ಒಂದು ಹಾಡು ಬರೆದು, ಅದರ ಪಕ್ಕ ಇನ್ನೊಂದು, ಮತ್ತೊಂದು ಸೇರಿಸಿ, ಕೊನೆಗೆ ‘ಆ ಸಿನಿಮಾದ್ದು ಎಲ್ಲಾ ಹಾಕ್ಬಿಡು’ ಅನ್ನುತ್ತಿದ್ದರು. ಅದಕ್ಕೆ ಸಂಗೀತ ಕೊಟ್ಟ ಮೈಸೂರಿನ ಅಣ್ಣತಮ್ಮಂದಿರಲ್ಲಿ ರಾಜನ್ ಅವರನ್ನೋ ನಾಗೇಂದ್ರ ಅವರನ್ನೋ ಬೇರೆ ಬೇರೆ ಮಾಡಿ ಯಾರಾದರೂ ಹೆಸರು ಹೇಳಿದ್ದು ಕೇಳಿಲ್ಲ. ರಾಜನ್-ನಾಗೇಂದ್ರ ಅಂದರೆ ಒಬ್ಬರೇ. ಅವರ ಒಂದೇ ಹಾಡು ಅಂದಾಗ ನಾನು ‘ಬಯಲು ದಾರಿ’ಯ ‘ಎಲ್ಲಿರುವೆ ಮನವ ಕಾಡುವ ರೂಪಸಿಯೇ’ ಅಂದೆ. ಸಂಗೀತ ನಿರ್ದೇಶಕರಿಗೆ ಪರೀಕ್ಷೆ ಬೇರೆ. ಮಾತು ತೆಗೆದು ಶಿಳ್ಳೆಯಲ್ಲಿ ಹಾಕಿ ನೋಡಬೇಕು. ಈ ಹಾಡು ಶಿಳ್ಳೆಯಲ್ಲೂ ನಿಲ್ಲುತ್ತೆ. ಹೋಟೆಲಿನ ಮಾಣಿ ತಟ್ಟೆ ಎತ್ತುತ್ತಾ ಅದನ್ನೇ ಹಿಡಿದ, ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಸಿ. ಅಶ್ವತ್ಥ್ ವಾರದಲ್ಲಿ ‘ಯಾರ ಹಾಡು’ ಅನ್ನುವ ಪ್ರಶ್ನೆಯೇ ಬುಡಕ್ಕೆ ಬಂತು. ಎಲ್‌ಐಸಿ ಗೆಳೆಯ ‘ಕೋಡಗನ ಕೋಳಿ ನುಂಗಿತ್ತ’ ಅಂದ. ರಾಗ ಅಶ್ವತ್ಥರದ್ದು ಸರಿ. ಆದರೆ ಷರೀಫರ ಪದ ಅಂದರೆ ಅರ್ಧ ಊರಿಗೆ ನೆನಪಾಗುವುದು ಶಿವಮೊಗ್ಗ ಸುಬ್ಬಣ್ಣನವರ ದನಿ. ನನ್ನ ಮಗಳಿಗೆ ಷರೀಫರು ಗೊತ್ತಾಗಿದ್ದು ರಘು ದೀಕ್ಷಿತ್ ಅವರ ‘ಲೋಕದ ಕಾಳಜಿ’ಯಿಂದ. ನಮ್ಮ ತಾಯಿಗೆ ಇವರು ಯಾರೂ ಗೊತ್ತಿರಲಿಲ್ಲ, ಭಜನೆಯವರ ಬಾಯಲ್ಲಿ ಕೇಳಿ ಕಲಿತಿದ್ದರು. ಶಿಶುನಾಳದ ಅಜ್ಜ 1889ರಲ್ಲೇ ಹೋದವರು. ಅವರ ಪದವನ್ನು ಯಾರು ಹಾಡಿದರೂ ಅದು ಅಜ್ಜನದ್ದೇ ಆಗಿಬಿಡುತ್ತೆ, ಹಾಡಿದವರದ್ದಾಗುವುದಿಲ್ಲ. ನನ್ನ ಗೋಲು ಅಲ್ಲಿ ಕೆಲಸ ಮಾಡುವುದಿಲ್ಲ, ಬೇಕಿಲ್ಲ ಕೂಡ.

ಅಶ್ವತ್ಥರದ್ದು ಅಂತ ನಾನು ಕೊಟ್ಟಿದ್ದು ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ ಹಂಬಲಿಸಿದೆ ಮನ’. ರಾಗವೂ ಅವರದ್ದೇ, ದನಿಯೂ ಅವರದ್ದೇ. ಅದು ನುಣ್ಣನೆಯ ಶಾರೀರ ಅಲ್ಲ. ಮೇಲಕ್ಕೆ ಹೋದಾಗ ಸ್ವಲ್ಪ ಸೀಳುತ್ತೆ. ಸಮುದ್ರ ನೋಡದವನು ಸಮುದ್ರಕ್ಕೆ ಹಂಬಲಿಸುವಾಗ ಸೀಳಬೇಕು ಕೂಡ. ‘ಕಾಣಬಲ್ಲೆನೆ ಒಂದು ದಿನ’ ಅನ್ನುವ ಪ್ರಶ್ನೆಯನ್ನು ಅವರು ಬಿಡುವ ರೀತಿ ಕೇಳಿದರೆ, ಬೆಂಗಳೂರಿನ ಅರಮನೆ ಮೈದಾನದಲ್ಲಿ 2005ರ ‘ಕನ್ನಡವೇ ಸತ್ಯ’ಕ್ಕೆ ಅಷ್ಟು ಜನ ಯಾಕೆ ಸೇರಿದರು ಅಂತ ಗೊತ್ತಾಗುತ್ತೆ. ಸಿನಿಮಾ ಹೀರೋ ಇಲ್ಲ, ಡ್ಯಾನ್ಸ್ ಇಲ್ಲ. ಕವಿಗಳ ಪದ್ಯ, ಒಬ್ಬ ಮನುಷ್ಯನ ಗಂಟಲು.

ಮೇಷ್ಟ್ರು ಇಲ್ಲಿ ಮೈಸೂರು ಅನಂತಸ್ವಾಮಿಯವರನ್ನು ಎಳೆದು ತಂದರು. ತರುತ್ತಾರೆ ಅಂತ ಗೊತ್ತಿತ್ತು. ನಾಡಗೀತೆಯನ್ನು ಯಾರ ಧಾಟಿಯಲ್ಲಿ ಹಾಡಬೇಕು, ಅನಂತಸ್ವಾಮಿಯವರದ್ದಾ ಅಶ್ವತ್ಥರದ್ದಾ ಅಂತ ವರ್ಷಗಟ್ಟಲೆ ನಡೆದ ಜಗಳ ನೆನಪಿದೆಯಲ್ವಾ? ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಅಂತ ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೂ ಹೋದರು. ನಮ್ಮ ದೋಸೆ ಜಗಳ ಎಷ್ಟೋ ವಾಸಿ. ಸೆಕೆಂಡಿನ ಲೆಕ್ಕ ಓದಿದಾಗ ನನಗಂತೂ ನಮ್ಮ ಮಾಲೀಕರ ಉದ್ದ ಪುಸ್ತಕವೇ ಕಣ್ಮುಂದೆ ಬಂತು. ಎರಡೂವರೆ ನಿಮಿಷದ್ದಾದರೆ ಎ ಸೈಡಿನ ಕೊನೆಗೆ ಆರಾಮಾಗಿ ಹಿಡಿಯುತ್ತಿತ್ತು.

ಒಬ್ಬರ ವಿಷಯದಲ್ಲಿ ಮಾತ್ರ ನಮಗೆ ಜಗಳ ಆಗಲಿಲ್ಲ. ಬಿ.ಕೆ. ಸುಮಿತ್ರಾ. ಎಲ್‌ಐಸಿ ಗೆಳೆಯ ಹೆಸರು ಎತ್ತಿದ ಕೂಡಲೇ ನಾಲ್ಕೂ ಜನ ಒಟ್ಟಿಗೆ ‘ಸಂಪಿಗೆ ಮರದ ಹಸಿರೆಲೆ ನಡುವೆ’ ಅಂದೆವು. 1974ರ ‘ಉಪಾಸನೆ’, ಪುಟ್ಟಣ್ಣ ಕಣಗಾಲ್ ಚಿತ್ರ, ವಿಜಯಭಾಸ್ಕರ್ ಸಂಗೀತ. ಕಾರಣ ಕೇಳುವ ಮೊದಲೇ ಮೆಡಿಕಲ್ ಅಣ್ಣ ಹಾಡಲು ಶುರುಮಾಡಿದರು, ಮೇಷ್ಟ್ರು ಮೇಜು ಬಡಿದರು. ಯಾರೂ ಕಾರಣ ಕೊಡದ ಕಾರಣ ಅವತ್ತಿನ ಬಿಲ್ ನಾಲ್ಕು ಪಾಲು.

ಈ ಭಾನುವಾರ ವಾಣಿ ಜಯರಾಂ. ಯುಗಳ ಗೀತೆ ಬೇಡ ಅನ್ನುವ ನಿಯಮ ತೆಗೀರಿ, ಇಲ್ಲದಿದ್ದರೆ ‘ಎಂದೆಂದೂ ನಿನ್ನನು ಮರೆತು’ ಹೋಗಿಬಿಡುತ್ತೆ ಅಂತ ಎಲ್‌ಐಸಿ ಗೆಳೆಯ ಸೋಮವಾರದಿಂದಲೇ ಮೆಸೇಜ್ ಹಾಕುತ್ತಿದ್ದಾನೆ. ಅದೂ ‘ಎರಡು ಕನಸು’ ಚಿತ್ರದ್ದೇ, ನೋಡಿ. ಹೆಂಡತಿ ‘ಶುಭಮಂಗಳ’ದ ‘ಈ ಶತಮಾನದ ಮಾದರಿ ಹೆಣ್ಣು’ ಅಂತ ಆಗಲೇ ಓಟು ಹಾಕಿಯಾಗಿದೆ. ನಾನಿನ್ನೂ ಹೇಳಿಲ್ಲ. ಹೇಳಿದರೆ ಎಲ್‌ಐಸಿ ಗೆಳೆಯ ಮೂರು ದಿನ ಮೊದಲೇ ವಾದ ಸಿದ್ಧ ಮಾಡಿಕೊಂಡು ಬರುತ್ತಾನೆ.